ಸೀಮೆಎಣ್ಣೆ ಡಬ್ಬದ ಆಲೂಗಡ್ಡೆ

ಮದುವೆಯಾದ ಹೊಸದರಲ್ಲಿ ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿ ನಮ್ಮ ಸಂಸಾರ. ಅಂಗಳಕ್ಕೆಲ್ಲ ಕಲ್ಲು ಹಾಸಿತ್ತು. ಹೊಲದಲ್ಲೇ ಬೆಳೆದ ನನ್ನ ಹೆಂಡತಿಗೆ ಕೈ ಹಾಕಲು ಹಿಡಿ ಮಣ್ಣೂ ಸಿಗುತ್ತಿರಲಿಲ್ಲ. ಅವಳ ಮುಖ ದಿನೇ ದಿನೇ ಬಾಡತೊಡಗಿತು. ತವರು ಹಿನಕಲ್, ದೂರವೇನಲ್ಲ. ಬೇಸರವಾದರೆ ಒಂದು ಮಧ್ಯಾಹ್ನ ನಡೆದುಕೊಂಡೇ ಹೊರಟುಬಿಟ್ಟಾಳು ಎಂದು ಕಚೇರಿಯಲ್ಲೂ ನನಗೆ ಅದೇ ಚಿಂತೆ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದ್ದೆ.

ಒಂದು ದಿನ ಅವಳು ಮೊಳಕೆ ಬಂದಿದ್ದ ಆಲೂಗಡ್ಡೆಯನ್ನು ಹುಳಿಗೆ ಹಾಕದೆ, ತಳ ತೂತಾದ ಸೀಮೆಎಣ್ಣೆ ಡಬ್ಬದಲ್ಲಿ, ಯಾರೋ ಬಿಸಾಡಿದ್ದ ಒಡೆದ ಹೂಕುಂಡದ ಮಣ್ಣು ಹಾಕಿ ನೆಟ್ಟಳು. ಗಿಡ ಬಂತು.

“ಗಿಡ ಎದ್ದಂಗೆಲ್ಲ ಬುಡಕ್ಕೆ ಮಣ್ಣು ಏರುಸ್ಬೇಕು ಕಣ್ರೀ. ಇಲ್ದಿದ್ರೆ ಗೆಡ್ಡೆ ಕಟ್ಟಕಿಲ್ಲ,” ಎಂದಳು.

ಮಣ್ಣಿದ್ದದ್ದು ನಮ್ಮ ಕಚೇರಿಯ ತೋಟದಲ್ಲಿ. ದಿನವೂ ಊಟ ಮುಗಿಸಿ, ಖಾಲಿ ಟಿಫನ್ ಕ್ಯಾರಿಯರ್‌ಗೆ ಮಣ್ಣು ತುಂಬಿಕೊಂಡು ಸಂಜೆ ಕಳ್ಳನಂತೆ ಹೊರಡುತ್ತಿದ್ದೆ. ಗೇಟಿನ ಜವಾನ ಒಮ್ಮೆ ಅದನ್ನು ಎತ್ತಿ ನೋಡಿ, “ಏನ್ ಸ್ವಾಮಿ, ಅಮ್ಮಾವ್ರ ಅಡಿಗೆ ಮುಟ್ಟೇ ಇಲ್ವಾ? ಇಷ್ಟು ಭಾರ ಐತಲ್ಲ!” ಎಂದ.

“ಹೊಟ್ಟೆ ಸರಿಯಿಲ್ಲಪ್ಪ,” ಎಂದು ಬೆವರುತ್ತ ಬಂದೆ.

ಕೊನೆಗೆ ಎಲೆ ಹಳದಿಯಾದಾಗ ಗಿಡ ಸತ್ತೇ ಹೋಯಿತೆಂದು ಎದೆಗುಂದಿದೆ. ಅವಳು ನಕ್ಕು, “ಗೆಡ್ಡೆ ಬಲಿತೈತೆ ಕಣ್ರೀ,” ಎಂದು ಡಬ್ಬವನ್ನು ಬೋರಲು ಹಾಕಿದಳು. ಸಿಕ್ಕಿದ್ದು ಒಂದೇ ಬೊಗಸೆ, ನಿಂಬೆಹಣ್ಣಿನ ಗಾತ್ರದವು. ಇಷ್ಟೇನಾ ಎಂದು ಬೇಸತ್ತು ಈಗ ಗಂಟುಮೂಟೆ ಕಟ್ಟುತ್ತಾಳೇನೋ ಎಂದು ಅವಳ ಮುಖ ನೋಡಿದೆ. ಮಣ್ಣಿನ ಕೈಯಲ್ಲೇ ಮುಂಗೂದಲು ಸರಿಸಿಕೊಂಡು ಅವಳು, “ಮುಂದಿನ ಸಲಕ್ಕೆ ಇನ್ನೆರಡು ಡಬ್ಬ ತಂದ್ಬುಡಿ,” ಎಂದಳು.

ನಾನು ಅವತ್ತೇ ನಾಲ್ಕು ತಂದೆ.