ಕತ್ತರಿ ತಾಕಬಾರದ ಮ್ಯಾಕ್ಸಿ

ಆ ಮಳಿಗೆ ಸಾಲಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ರಿಪೇರಿ ಅಕ್ಕ ಅಂತ. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ಅವಳಿಗೆ ಮೈಯುರಿ. ಒಂಬತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಬರೀ ಕಾಲರ್ ಕೂರಿಸಿ, ಸಂಜೆ ಹೊತ್ತು ಕಟಿಂಗ್ ಕಲಿತು, ಮೆಟ್ಟಿಲ ಕೆಳಗಿನ ಈ ಗೂಡಿನಂಥ ಅಂಗಡಿ ಹಿಡಿದದ್ದು ಹೊಸ ಬಟ್ಟೆ ಹೊಲಿಯೋಣ ಎಂದು. ಬಂದದ್ದು ಮಾತ್ರ ಕಿತ್ತ ಜಿಪ್ಪು, ತೂತುಬಿದ್ದ ಜೇಬು, ನೆಲ ಗುಡಿಸುವ ಪ್ಯಾಂಟು. ಹಾಗೇ ಇಪ್ಪತ್ತೆರಡು ವರ್ಷ ಕಳೆದುಹೋದವು.

ಒಂದು ಬೆಳಿಗ್ಗೆ ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮ ಬಂದರು. ಕೈಯಲ್ಲಿ ತೆಳು ಕಾಗದದಲ್ಲಿ ಸುತ್ತಿದ ಒಂದು ಗಂಟು. ಹಸುಗೂಸನ್ನು ಬಿಚ್ಚುವ ಹಾಗೆ ಮೆಲ್ಲಗೆ ಬಿಚ್ಚಿ ಮೇಜಿನ ಮೇಲೆ ಹರಡಿದರು. ಪಾದ ಮುಟ್ಟುವಷ್ಟು ಉದ್ದದ ಮ್ಯಾಕ್ಸಿ ಗೌನು. ಕಡುಹಸಿರು ಬಟ್ಟೆ, ಅದರ ತುಂಬ ಅಂಗೈಯಗಲದ ಕೆಂಪು ಹೂಗಳು. ಪಕ್ಕದಲ್ಲಿ ಹಿತ್ತಾಳೆ ಜಿಪ್ಪು, ಕುತ್ತಿಗೆಯ ಒಳಗೆ ಬಳುಕುವ ಅಕ್ಷರಗಳ ಲೇಬಲ್.

"ನಲವತ್ತೈದು ವರ್ಷ ಹಳೇದು ಅಕ್ಕ. ದೊಡ್ಡ ಡಿಸೈನರ್ ಮಾಡಿದ್ದು. ಹುಡುಕಿ ಹುಡುಕಿ ತರಿಸಿದೀನಿ."

ಮೂಲೆಯ ಸ್ಟೂಲಿನಲ್ಲಿ ಪೇಪರ್ ಓದುತ್ತಿದ್ದ ರಿಪೇರಿ ಅಕ್ಕನ ಗಂಡ ಕತ್ತೆತ್ತಿದ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಸಲಹೆ ಕೊಡುವುದೇ ಅವನ ಉದ್ಯೋಗ.

"ಚೆನ್ನಾಗಿದೆ. ನೈಟಿ ತಾನೇ?"

ಡಾಕ್ಟರಮ್ಮನ ಮುಖ ಕಪ್ಪಿಟ್ಟಿತು. ರಿಪೇರಿ ಅಕ್ಕ ಗಂಡನನ್ನು ಒಮ್ಮೆ ನೋಡಿದಳು. ಅವನು ಮತ್ತೆ ಪೇಪರಿನೊಳಗೆ ಹೊಕ್ಕ.

"ಸೊಂಟದಲ್ಲಿ ಎರಡಿಂಚು ಬಿಗಿ. ಶನಿವಾರ ಕಾಲೇಜಿನ ಗೆಳತಿಯರೆಲ್ಲ ಸೇರ್ತಿದೀವಿ, ಅಷ್ಟರಲ್ಲಿ ಸರಿಮಾಡ್ಕೊಡಿ. ಆದ್ರೆ ಕತ್ತರಿ ತಾಕಬಾರದು. ಮಿಷನ್ ಹಾಕಬಾರದು. ಎಲ್ಲ ಒರಿಜಿನಲ್ ಆಗೇ ಇರಬೇಕು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ರಿಪೇರಿ ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಡಾಕ್ಟರೇ, ಹಲ್ಲು ಕೀಳಿಸೋಕೆ ಬಂದವರು ಬಾಯಿ ಮಾತ್ರ ತೆರೆಯಲ್ಲ ಅಂದ್ರೆ ನೀವೇನ್ ಮಾಡ್ತೀರ?"

"ಅದು ಬೇರೆ ಅಕ್ಕ."

"ಏನು ಬೇರೆ?"

ಕೊನೆಗೆ ಡಾಕ್ಟರಮ್ಮನಿಂದ ಒಳಗಿನ ಲೈನಿಂಗ್ ಬಿಚ್ಚಿ ನೋಡುವುದಕ್ಕಷ್ಟೇ ಅಪ್ಪಣೆ ಸಿಕ್ಕಿತು. ಆಮೇಲೆ ಶುರುವಾಯಿತು ಫೋನಿನ ಕಾಟ. ಒಬ್ಬ ರೋಗಿ ಎದ್ದು ಇನ್ನೊಬ್ಬ ಕೂರುವಷ್ಟರಲ್ಲಿ ಒಂದು ಕರೆ. ಬಿಸಿಲಿಗೆ ಇಟ್ಟಿಲ್ಲ ತಾನೇ? ಇಸ್ತ್ರಿ ಮುಟ್ಟಿಸಿಲ್ಲ ತಾನೇ? ನಾಲ್ಕನೆಯ ಸಲ ಫೋನು ಬಡಿದುಕೊಂಡಾಗ ಅವಳು ಅದನ್ನು ಗಂಡನ ಮಡಿಲಿಗೆ ಎಸೆದಳು.

"ನೀವೇ ಮಾತಾಡಿ. ನೈಟಿ ಅಂತ ಮಾತ್ರ ಅನ್ಬೇಡಿ."

ಲೈನಿಂಗ್ ಬಿಚ್ಚಿದವಳು ಗೌನನ್ನು ಬೆಳಕಿಗೆ ಹಿಡಿದಳು. ಪಕ್ಕದ ಹೊಲಿಗೆಯ ಉದ್ದಕ್ಕೂ ಸೂಜಿ ತೂತುಗಳ ಮೂರು ಸಾಲು. ಯಾರೋ ಒಮ್ಮೆ ಸಡಿಲ ಮಾಡಿದ್ದರು, ಆಮೇಲೆ ಬಿಗಿ ಮಾಡಿದ್ದರು, ಮತ್ತೆ ಸಡಿಲ ಮಾಡಿದ್ದರು. ಸೊಂಟದ ಹತ್ತಿರ, ಹಸಿರು ದಾರ ಸಿಗದೆಯೋ ಏನೋ, ಕಂದು ದಾರದ ಕೈಹೊಲಿಗೆ. ಟಾಕುಗಳೆಲ್ಲ ಅವಳ ಟಾಕುಗಳಿಗೆ ವಿರುದ್ಧ ದಿಕ್ಕಿಗೆ ವಾಲಿದ್ದವು. ಹೊಲಿದವಳು ಎಡಗೈಯವಳಿರಬೇಕು. ಎಂಥ ಸಣ್ಣ ಟಾಕು, ಎಷ್ಟು ಅಚ್ಚುಕಟ್ಟು! ಆ ಎಡಗೈಯವಳ ತಲೆಯನ್ನೂ ಯಾರೋ ಹೀಗೇ ತಿಂದಿರುತ್ತಾರೆ ಎಂದುಕೊಂಡಳು.

ಮಧ್ಯಾಹ್ನದ ಬಿಡುವಿನಲ್ಲಿ ಡಾಕ್ಟರಮ್ಮನನ್ನು ಕರೆಸಿ ಎಲ್ಲ ತೋರಿಸಿದಳು. ಅವರ ಕಣ್ಣಲ್ಲಿ ನೀರೇ ಬಂತು.

"ಹಾಗಾದ್ರೆ ಇದು ಒರಿಜಿನಲ್ ಅಲ್ವಾ?"

"ಲೇಬಲ್ ಒರಿಜಿನಲ್ಲೇ, ಬಟ್ಟೆನೂ ಒರಿಜಿನಲ್ಲೇ. ತೊಟ್ಟವರೂ ಒರಿಜಿನಲ್ ಮನುಷ್ಯರೇ. ಉಂಡಿದಾರೆ, ದಪ್ಪ ಆಗಿದಾರೆ, ಸಣ್ಣ ಆಗಿದಾರೆ. ಈಗ ಸಡಿಲ ಬಿಡೋಕೆ ಹೊಲಿಗೆ ಒಳಗೆ ಬಟ್ಟೆ ಉಳಿದಿಲ್ಲ. ಕೆಳಗೆ ಅಂಚಲ್ಲಿ ನಾಲ್ಕಿಂಚು ಮಡಿಚಿದಾರೆ ನೋಡಿ. ಅದನ್ನ ಕತ್ತರಿಸಿ ಪಕ್ಕಕ್ಕೆ ಪಟ್ಟಿ ಕೊಡ್ತೀನಿ, ಉದ್ದ ಕಮ್ಮಿ ಆಗಲ್ಲ. ಬೇಡ ಅಂದ್ರೆ ಈಗಲೇ ತಗೊಂಡ್ಹೋಗಿ ಬೀರೂಲಿಟ್ಟು ಪೂಜೆ ಮಾಡಿ."

ಡಾಕ್ಟರಮ್ಮ ಬಹಳ ಹೊತ್ತು ಹೂಗಳ ಮೇಲೆ ಕೈಯಾಡಿಸಿದರು. ಕೊನೆಗೆ ಬೇರೆ ಕಡೆ ಮುಖ ತಿರುಗಿಸಿಕೊಂಡು, "ಹಾಕಿ ಕತ್ತರಿ" ಎಂದರು.

ಎರಡು ದಿನ ಹಿಡಿಯಿತು. ಪಟ್ಟಿ ಕತ್ತರಿಸುವುದು ಅರ್ಧ ಗಂಟೆಯ ಕೆಲಸ, ಹೂವಿಗೆ ಹೂವು ಕೂಡಿಸುವುದೇ ಪ್ರಾಣಸಂಕಟ. ಒಂದು ದಳ ಕೂಡಿದರೆ ತೊಟ್ಟು ತಪ್ಪುತ್ತಿತ್ತು, ತೊಟ್ಟು ಕೂಡಿದರೆ ಎಲೆ. ಆರು ಸಲ ಬಿಚ್ಚಿದಳು. "ಇಷ್ಟೆಲ್ಲ ಯಾರು ನೋಡ್ತಾರೆ ಬಿಡೆ" ಎಂದ ಗಂಡನನ್ನು ಟೀ ತರಲು ಓಡಿಸಿದಳು. ಕಂದು ದಾರದ ಟಾಕುಗಳು ಕೆಲಸಕ್ಕೆ ಅಡ್ಡವಾಗಿರಲಿಲ್ಲ, ಅವನ್ನು ಹಾಗೇ ಬಿಟ್ಟಳು.

ಶುಕ್ರವಾರ ಸಂಜೆ ಡಾಕ್ಟರಮ್ಮ ಪರದೆಯ ಹಿಂದೆ ಹೋಗಿ ಗೌನು ತೊಟ್ಟು ಬಂದರು. ಅಳತೆ ತೆಗೆದು ಅವರಿಗೇ ಮಾಡಿದಂತಿತ್ತು. ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು, ಪಕ್ಕ ತಡವಿದರು, ಹುಬ್ಬು ಗಂಟಿಕ್ಕಿದರು.

"ಏನೂ ಮಾಡಿದ ಹಾಗೇ ಇಲ್ವಲ್ಲ ಅಕ್ಕ! ಎರಡು ದಿನ ಬೇಕಾಯ್ತಾ?"

ಗಂಡ ಪೇಪರಿನ ಮರೆಯಲ್ಲಿ ಕಿಸಕ್ಕೆಂದ. ರಿಪೇರಿ ಅಕ್ಕ ಡಾಕ್ಟರಮ್ಮನ ಬೆರಳು ಹಿಡಿದು ಸೊಂಟದ ಪಕ್ಕದ ಒಂದು ಹೂವಿನ ನಡುವೆ ಒತ್ತಿದಳು.

"ಇದರಲ್ಲಿ ಅರ್ಧ ಆ ಡಿಸೈನರದು, ಅರ್ಧ ನಂದು. ಗೆರೆ ಎಲ್ಲಿದೆ ಹುಡುಕಿ."

ಡಾಕ್ಟರಮ್ಮ ಬಗ್ಗಿ ನೋಡಿದರು. ಹಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಪತ್ತೆ ಮಾಡುವ ಆ ಕಣ್ಣಿಗೂ ಗೆರೆ ಸಿಗಲಿಲ್ಲ.

ಸೋಮವಾರ ಅವರು ಬೆಳಗುವ ಮುಖ ಹೊತ್ತು ಬಂದರು. "ಎಲ್ಲರ ಕಣ್ಣೂ ನನ್ನ ಮೇಲೇ ಅಕ್ಕ! ಯಾರು ಹೊಲಿದಿದ್ದು, ಯಾರು ಹೊಲಿದಿದ್ದು ಅಂತ ಒಂದೇ ಸಮ ಕೇಳಿದ್ರು. ಆ ಡಿಸೈನರ್ ಹೆಸರು ಹೇಳಿ ಹೇಳಿ ನಂಗೆ ಬಾಯಿ ನೋವೇ ಬಂತು."

ರಿಪೇರಿ ಅಕ್ಕ ಹಲ್ಲಿನಿಂದ ದಾರ ಕಡಿದಳು. ಡಾಕ್ಟರಮ್ಮನ ಕೈಯಲ್ಲಿದ್ದ ಬಿಳಿ ಕೋಟಿಗೆ ಎರಡು ಗುಂಡಿ ಇರಲಿಲ್ಲ.

"ಕೊಡಿ ಇಲ್ಲಿ" ಎಂದಳು.