ಪರದೆ ಅಕ್ಕನ ಮನೆಯ ಕಿಟಕಿ

ಆ ಪರದೆ ಅಂಗಡಿಗೆ ಬಂದವರು ಮಾಲೀಕರನ್ನು ಕೇಳುತ್ತಿರಲಿಲ್ಲ, "ಅಕ್ಕ ಇದ್ದಾರಾ?" ಅಂತಲೇ ಕೇಳುತ್ತಿದ್ದರು. ಹೊಸದಾಗಿ ಮನೆ ಮಾಡಿದ ಗಂಡ ಹೆಂಡಿರು ಒಳಗೆ ಬರುವಾಗ ನಗುನಗುತ್ತ ಬರುವುದು. ನಾಲ್ಕು ಥಾನು ಬಟ್ಟೆ ಬಿಚ್ಚುವಷ್ಟರಲ್ಲಿ ಒಬ್ಬರ ಮುಖ ಆ ಕಡೆ, ಇನ್ನೊಬ್ಬರ ಮುಖ ಈ ಕಡೆ. ಅವಳಿಗೆ ಹೂ ಬೇಕು, ಅವನಿಗೆ ಗೆರೆ. ಅವಳಿಗೆ ಹಸಿರು, ಅವನಿಗೆ ಬೂದಿ ಬಣ್ಣ. ಪರದೆ ಅಕ್ಕ ಅವಸರ ಮಾಡುತ್ತಿರಲಿಲ್ಲ. ಮೀಟರ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಆಡಿ, ಜಗಳ ಆಡಿ. ಬಟ್ಟೆ ಎಲ್ಲೂ ಓಡಿಹೋಗಲ್ಲ" ಅನ್ನುತ್ತಿದ್ದಳು. ಇಬ್ಬರೂ ಸುಸ್ತಾದ ಮೇಲೆ ಅವನ ಬೂದಿ ಬಟ್ಟೆಯ ಅಂಚಿಗೆ ಅವಳ ಹಸಿರಿನ ಒಂದು ಪಟ್ಟಿ ಹಿಡಿದು ತೋರಿಸುವಳು. "ಅಯ್ಯೋ, ಇದನ್ನ ಮೊದಲೇ ತೋರಿಸಬಾರದಿತ್ತಾ?" ಅನ್ನುವರು ಇಬ್ಬರೂ. ಮೊದಲೇ ತೋರಿಸಿದ್ದರೆ ಇಬ್ಬರೂ ಮೂಗು ಮುರಿಯುತ್ತಿದ್ದರು ಅನ್ನುವುದು ಅಕ್ಕನಿಗೆ ಗೊತ್ತು.

ಕಿತ್ತಾಡುವವರನ್ನು ಕಂಡರೆ ಅಕ್ಕನಿಗೆ ಭಯವಿರಲಿಲ್ಲ. ಭಯವಿದ್ದದ್ದು ಇನ್ನೊಂದು ಜಾತಿಯ ಗಿರಾಕಿಗಳದ್ದು. ಒಬ್ಬರು ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಇನ್ನೊಬ್ಬರು ಬಾಗಿಲ ಹತ್ತಿರ ನಿಂತು, "ನಿನ್ನಿಷ್ಟ" ಅನ್ನುವವರು. ಯಾವ ಬಣ್ಣ? ನಿನ್ನಿಷ್ಟ. ಎಷ್ಟು ಉದ್ದ? ನಿನ್ನಿಷ್ಟ. ಅಂಥವರು ಹೋದ ಮೇಲೆ ಅಕ್ಕ ಥಾನು ಸುತ್ತುತ್ತ, "ಪಾಪ ಆ ಹುಡುಗಿ" ಅಂತ ಮಾಲೀಕರ ಹತ್ತಿರ ಅನ್ನದೆ ಇರುತ್ತಿರಲಿಲ್ಲ.

ಇಷ್ಟೆಲ್ಲ ಬಲ್ಲ ಅಕ್ಕನ ಸ್ವಂತ ಸಂಸಾರ ಶುರುವಾದದ್ದೇ ಕಿಟಕಿ ಜಗಳದಿಂದ. ಗಂಡ ಒಂದು ಫೋಟೋ ಸ್ಟುಡಿಯೋದಲ್ಲಿ ಡಾರ್ಕ್ ರೂಮಿನ ಕೆಲಸಗಾರ. ಬೆಳಿಗ್ಗೆ ಒಳಗೆ ಹೊಕ್ಕರೆ ಕೆಂಪು ಬಲ್ಬು, ಫೋಟೋ ತೊಳೆಯುವ ಮದ್ದಿನ ನೀರಿನ ತಟ್ಟೆಗಳು, ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಒದ್ದೆ ಫೋಟೋಗಳು, ಅಷ್ಟೇ ಲೋಕ. ಅಕ್ಕ ಅವನನ್ನು "ಕತ್ತಲೆರಾಯ" ಅಂತ ಛೇಡಿಸುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಹಿಡಿದದ್ದು ಒಂದೇ ಕೋಣೆ, ರಸ್ತೆ ಕಡೆಗೆ ಒಂದೇ ಕಿಟಕಿ. ಅಕ್ಕ ಅಂಗಡಿಯಿಂದ ದಪ್ಪನೆಯ ಕಡುಗೆಂಪು ಬಟ್ಟೆ ತಂದು, ಹಿಂದೆ ಅಸ್ತರು ಕೊಟ್ಟು, ನೆರಿಗೆ ಹಿಡಿದು, ನೆಲ ಮುಟ್ಟುವಂತೆ ಹಾಕಿದಳು. ಸಂಜೆ ಗಂಡ ಬಂದವನು ಚಪ್ಪಲಿ ಕೂಡ ಬಿಡಲಿಲ್ಲ. "ಬೇಡ" ಅಂದ.

"ಏನು ಬೇಡ?"

"ಇದು ಬೇಡ. ಇಡೀ ದಿನ ಕತ್ತಲಲ್ಲಿ ಸತ್ತು ಬರ್ತೀನಿ, ಮನೆಗೆ ಬಂದರೂ ಕತ್ತಲೇನಾ? ನನಗೆ ಬೆಳಕು ಬೇಕು ಕಣೇ."

"ರಸ್ತೇಲಿ ಹೋಗೋರೆಲ್ಲ ನಮ್ಮ ಊಟ ನೋಡ್ಕೊಂಡು ಹೋಗಲಿ ಅಂತೀರಾ?"

"ನೋಡಲಿ. ಹಸಿವಾದರೆ ಅವರೂ ಬರಲಿ."

ಮೂರು ದಿನ ಮಾತಿಲ್ಲ. ಪರದೆ ಅವಳು ಎಳೆಯುವುದು, ಅವನು ಸರಿಸುವುದು. ಕೊನೆಗೆ ಸರಳಿನ ಬಳೆಗಳೇ ಕಿತ್ತುಬಂದವು. ಆಗ ಅವನು ಸ್ಟೂಲು ಹತ್ತಿ, ಸರಳನ್ನು ಮೇಲಿನಿಂದ ಬಿಚ್ಚಿ, ಕಿಟಕಿಯ ಸರಿಮಧ್ಯಕ್ಕೆ ಬಡಿದ. ಕೆಳಗಿನ ಅರ್ಧಕ್ಕೆ ಅವಳ ಪರದೆ, ಮೇಲಿನ ಅರ್ಧಕ್ಕೆ ಅವನ ಆಕಾಶ. ಅಕ್ಕ ತನ್ನ ಕೈಯಾರೆ ಹೊಲಿದ ಅಷ್ಟು ಚೆಂದದ ಪರದೆಯನ್ನು ಅರ್ಧಕ್ಕೆ ಕತ್ತರಿಸಬೇಕಾಯಿತು. ಕತ್ತರಿಸುವಾಗ ಗೊಣಗಿದಳು, ಹೊಲಿದು ಮುಗಿಸಿದಾಗ ನಕ್ಕಳು.

ಅಲ್ಲಿಂದ ಆ ಮನೆ ಬೆಳೆದದ್ದೆಲ್ಲ ಹಾಗೆಯೇ. ದೊಡ್ಡ ಮನೆಗೆ ಬಂದಾಗ ಗೋಡೆಗೆ ಅವನಿಗೆ ಬಿಳಿಯೇ ಆಗಬೇಕು, ಬೆಳಕು ಚೆಲ್ಲಾಡುತ್ತೆ ಅಂತ. ಅವಳಿಗೆ ಬಿಳಿ ಗೋಡೆ ನೋಡಿದರೆ ಆಸ್ಪತ್ರೆ ನೆನಪು. ಒಂದು ತಿಂಗಳು ಬಣ್ಣದವನನ್ನು ಅಲೆದಾಡಿಸಿ, ಮೂರು ಗೋಡೆ ಬಿಳಿ, ಒಂದು ಗೋಡೆ ಇಟ್ಟಿಗೆ ಬಣ್ಣ ಅಂತಾಯಿತು. ಅವನು ತೊಳೆದ ಕಪ್ಪು ಬಿಳುಪು ಫೋಟೋಗಳು, ಮಗಳು ಹಲ್ಲಿಲ್ಲದೆ ನಗುವುದು, ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವುದು, ಬಿಳಿ ಗೋಡೆಯಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ. ಇಟ್ಟಿಗೆ ಗೋಡೆಗೆ ಬಂದದ್ದೇ ತಡ, ಎದ್ದು ಕಂಡವು. ಅವನು ಆರಿಸಿದ ಬೋಳು ಮರದ ಕುರ್ಚಿಗಳಿಗೆ ಅವಳ ಅಂಗಡಿಯ ತುಂಡು ಬಟ್ಟೆಗಳ ದಿಂಬು. ಒಂದಕ್ಕೊಂದು ಹೊಂದಬಾರದು, ಆದರೆ ಹೊಂದಿದ್ದವು. ಬಂದವರೆಲ್ಲ, "ಎಷ್ಟು ಚೆನ್ನಾಗಿದೆ, ಯಾರ ಹತ್ತಿರ ಮಾಡಿಸಿದಿರಿ?" ಅಂತ ಕೇಳಿದರೆ ಇಬ್ಬರೂ ಒಟ್ಟಿಗೆ, "ಜಗಳ ಆಡಿ ಮಾಡಿದ್ದು" ಅನ್ನುತ್ತಿದ್ದರು. ಅದೇನು ದಿನಗಳು! ಈಗ ನೆನೆಸಿಕೊಂಡರೂ ಅಕ್ಕನ ಮುಖ ಅರಳುತ್ತದೆ.

ಆಮೇಲೆ ಕಾಲ ಬದಲಾಯಿತು. ಎಲ್ಲರ ಕೈಗೂ ಫೋನು ಬಂತು, ಫೋಟೋ ತೊಳೆಸುವವರು ಯಾರು? ಡಾರ್ಕ್ ರೂಮು ಗೋದಾಮಾಯಿತು. ಗಂಡ ಕೆಲವು ವರ್ಷ ಮಿಷನ್ನಿನ ಮುಂದೆ ನಿಂತು ಪಾಸ್‌ಪೋರ್ಟ್ ಫೋಟೋ ಕತ್ತರಿಸಿದ. ಕೊನೆಗೆ ಸ್ಟುಡಿಯೋನೇ ಬಾಗಿಲು ಹಾಕಿತು. ಮಗಳು ಮದುವೆಯಾಗಿ ಬೇರೆ ಊರಲ್ಲಿ ಇದ್ದಳು. ಅಕ್ಕ ಎಂದಿನಂತೆ ಅಂಗಡಿಗೆ ಹೋದಳು, ಅವನು ಮನೆಯಲ್ಲಿ ಕೂತ.

ಕೂತದ್ದಕ್ಕೆ ಅವಳು ಏನೂ ಅಂದುಕೊಳ್ಳಲಿಲ್ಲ. ದುಡಿದ ಜೀವ, ಕೂರಲಿ ಅಂದುಕೊಂಡಳು. ಆದರೆ ಒಂದು ಸಂಜೆ, ಈ ಮನೆಯ ಹಾಲ್‌ನಲ್ಲೂ ಅರ್ಧಕ್ಕೇ ಹಾಕಿದ್ದ ಪರದೆ ಹಳೆಯದಾಗಿ ಪಿಸಿದಿದ್ದನ್ನು ತೋರಿಸಿ, "ಹೊಸದು ಹಾಕೋಣ್ವಾ? ಯಾವ ಬಣ್ಣ ತರಲಿ?" ಅಂದಳು.

"ನಿನ್ನಿಷ್ಟ" ಅಂದ ಗಂಡ.

ಅಕ್ಕ ಪರದೆಯ ಅಂಚು ಕೈಬಿಟ್ಟು ಅವನ ಕಡೆ ತಿರುಗಿದಳು. ತಮಾಷೆ ಇರಬೇಕು ಅಂತ, "ಹಾಗಾದ್ರೆ ನೆಲದವರೆಗೆ ಹಾಕ್ತೀನಿ ನೋಡಿ, ದಪ್ಪದ್ದು!" ಅಂದಳು.

"ಹಾಕು. ನಿನ್ನಿಷ್ಟ."

ಹಾಕಿಯೇಬಿಟ್ಟಳು. ಮದುವೆಯಾದಾಗಿನಿಂದ ಆಸೆಪಟ್ಟದ್ದು, ಮೇಲಿಂದ ಕೆಳಗಿನವರೆಗೆ, ಅಸ್ತರು, ನೆರಿಗೆ ಎಲ್ಲ ಇದ್ದದ್ದು. ಗೆದ್ದ ಹಾಗೆ ಅನ್ನಿಸಬೇಕಿತ್ತು. ಅವನು ಅದರ ಹಿಂದಿನ ಮಬ್ಬಿನಲ್ಲಿ ಪೇಪರು ಮಡಚಿಟ್ಟುಕೊಂಡು ಕೂತಿದ್ದನ್ನು ನೋಡಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನುಷ್ಯ ಎದುರಿಗೇ ಇದ್ದಾನೆ, ಆದರೆ ಕೈಗೆ ಸಿಗುತ್ತಿಲ್ಲ. ಏನು ಮಾಡಿದರೆ ಇವರು ಮತ್ತೆ ಒಂದು ಸಲ ಬೇಡ ಅಂದಾರು? ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ಅದೇ ಯೋಚನೆ. ಎರಡು ಸಲ ತಪ್ಪು ಅಳತೆ ಕತ್ತರಿಸಿ ಬೈಸಿಕೊಂಡಳು.

ಕೊನೆಗೆ ಅವಳಿಗೆ ಹೊಳೆದದ್ದು ಪರದೆ ಅಂಗಡಿಯವಳಿಗೆ ಮಾತ್ರ ಹೊಳೆಯುವ ಉಪಾಯ. ಅಂಗಡಿಯ ಅಟ್ಟದ ಮೇಲೆ ಒಂದು ಥಾನು ವರ್ಷಗಟ್ಟಲೆ ಧೂಳು ತಿನ್ನುತ್ತ ಬಿದ್ದಿತ್ತು. ನೇರಳೆ ಬಣ್ಣ, ಅದರ ಮೇಲೆ ಎಲೆಕೋಸಿನಷ್ಟು ದಪ್ಪ ಕಿತ್ತಳೆ ಹೂಗಳು, ಹೂವಿಗೊಂದು ಹೊಳೆಯುವ ಜರಿ. ಪುಕ್ಕಟೆ ಕೊಟ್ಟರೂ ಯಾರೂ ಒಯ್ದಿರಲಿಲ್ಲ. ಅಕ್ಕ ಅದನ್ನು ಕೆಳಗಿಳಿಸಿದಾಗ ಮಾಲೀಕರು, "ಯಾರಿಗಮ್ಮಾ ಇದು?" ಅಂದರು.

"ನಮ್ಮನೆಗೆ."

"ಯಾರ ಮೇಲೆ ಸಿಟ್ಟು?"

ಅಕ್ಕ ಧೂಳು ಕೊಡವಿ ಅಳತೆಗೆ ಕತ್ತರಿಸಿದಳು. ಹೊಲಿದು, ತಂದು, ಹಾಕಿ, ಗಂಡನ ಮುಖ ನೋಡುತ್ತ ನಿಂತಳು. ಅವನು ಪರದೆ ನೋಡಿದ. ಅವಳನ್ನು ನೋಡಿದ. ಮತ್ತೆ ಪರದೆ ನೋಡಿ, ತುಂಬ ಮೆತ್ತಗೆ, "ಚೆನ್ನಾಗಿದೆ" ಅಂದ. ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಒಂದು ವಾರ ಹಾಗೇ ಕಳೆಯಿತು. ಅವನು ಅವಳನ್ನು ಎಂದಿಲ್ಲದ ಹಾಗೆ ಓರೆಗಣ್ಣಲ್ಲಿ ನೋಡುವುದು, ಮೆಟ್ಟಿಲಿಳಿಯುವಾಗ ಕೈ ಹಿಡಿಯುವುದು. ರಜೆಯ ದಿನ ಬೆಳಿಗ್ಗೆ ಅವನೇ ಕಾಫಿ ಮಾಡಿ ತಂದು ಎದುರು ಕೂತ.

"ಒಂದು ಮಾತು ಕೇಳಲಾ? ಬೇಜಾರು ಮಾಡ್ಕೋಬಾರದು."

"ಕೇಳಿ."

"ನಿನಗೆ ಕಣ್ಣು ಸರಿಯಾಗಿ ಕಾಣಿಸ್ತಿದೆ ತಾನೆ?"

ಅಕ್ಕ ಲೋಟ ಕೆಳಗಿಟ್ಟಳು. "ಯಾಕೆ?"

"ಮಗಳಿಗೂ ಫೋನ್ ಮಾಡಿ ಹೇಳಿದೆ. ಅಮ್ಮನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ ಅಂದಳು. ಬಣ್ಣ ನೋಡೋದ್ರಲ್ಲಿ ನಿನ್ನನ್ನ ಮೀರಿಸೋರಿಲ್ಲ. ಅಂಥ ನೀನು ಅಂಥದ್ದನ್ನ ತಂದು..." ಅವನು ಪರದೆ ಕಡೆ ಕೈ ತೋರಿಸಿದ. "ನನಗೆ ಭಯ ಆಗ್ತಿದೆ ಕಣೇ."

ಅಕ್ಕನಿಗೆ ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ಬೆನ್ನಿಗೇ ಸಿಟ್ಟೂ ಬಂತು.

"ಅಂದ್ರೆ ಇದು ದರಿದ್ರವಾಗಿದೆ ಅಂತ ನಿಮಗೆ ಗೊತ್ತಾಗಿದೆ!"

"ಕಣ್ಣು ಕಟ್ಟಿ ತಂದು ನಿಲ್ಲಿಸಿದರೂ ಗೊತ್ತಾಗುತ್ತೆ."

"ಮತ್ತೆ ಚೆನ್ನಾಗಿದೆ ಅಂದ್ರಲ್ಲ! ಆ ದಪ್ಪ ಪರದೆ ಹಾಕಿದಾಗಲೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಲ್ಲ! ಯಾಕ್ರೀ?"

ಅವನು ಲೋಟವನ್ನು ಎರಡು ಕೈಯಲ್ಲೂ ತಿರುಗಿಸುತ್ತ ಕೂತ. "ನೀನು ದುಡಿದು ತಂದು ಹಾಕ್ತೀಯ. ನಾನು ಮನೇಲಿ ಕೂತು ತಿಂತೀನಿ. ಯಾವ ಬಾಯಲ್ಲಿ ಬೇಡ ಅನ್ನಲಿ?"

ಅಕ್ಕ ಅವನ ಕೈಯಲ್ಲಿದ್ದ ಲೋಟ ತೆಗೆದು ಕೆಳಗಿಟ್ಟಳು. ಎಷ್ಟೋ ಜನರ ಸಂಸಾರವನ್ನು ಕೌಂಟರಿನ ಮೇಲೆ ಸರಿಮಾಡಿ ಕಳಿಸಿದವಳು, ಮನೆಯೊಳಗಿನ ಇಷ್ಟು ದೊಡ್ಡ ಸಂಕಟ ಕಾಣದೆ ಹೋದಳಲ್ಲ! "ನನ್ನ ಜೊತೆ ಜಗಳ ಆಡೋಕೂ ನಿಮಗೆ ಸಂಬಳ ಬರಬೇಕೇನ್ರೀ?" ಅಂದಳು.

ಅವಳು ಸ್ಟೂಲು ಎಳೆದು ಹತ್ತಿ, ಆ ನೇರಳೆ ಪರದೆಯನ್ನು ಒಂದೇ ಎಳೆತಕ್ಕೆ ಕಿತ್ತಳು. ಬೆಳಕು ಧಗ್ಗನೆ ಒಳಗೆ ನುಗ್ಗಿತು. "ಇದು ಹೋಯ್ತು. ಮೊದಲಿನ ದಪ್ಪದ್ದನ್ನೇ ಮತ್ತೆ ಹಾಕ್ತೀನಿ."

"ಬೇಡ" ಅಂದ ಗಂಡ.

ಹೇಳಿದ್ದು ಅವನಿಗೇ ಆಶ್ಚರ್ಯವಾದಂತಿತ್ತು. ಎದ್ದು ನಿಂತ. "ಅದೂ ಬೇಡ. ಅದನ್ನ ಹಾಕಿದಾಗಿನಿಂದ ನನಗೆ ಉಸಿರು ಕಟ್ಟಿದ ಹಾಗಾಗುತ್ತೆ."

ಅಕ್ಕ ಸ್ಟೂಲಿನಿಂದ ಇಳಿದು, ಅದರ ಮೇಲೇ ಕೂತು, ಮಡಿಲಲ್ಲಿದ್ದ ಕಿತ್ತಳೆ ಹೂಗಳಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಗಂಡ ಗಾಬರಿಬಿದ್ದ.

"ಅಯ್ಯೋ, ಬೇಡ ಅಂದಿದ್ದಕ್ಕೆ ಅಳ್ತಾರೇನೇ? ಹಾಕ್ಕೋ, ಅದನ್ನೇ ಹಾಕ್ಕೋ!"

"ಹಾಕಲ್ಲ" ಅಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ಇನ್ನೊಂದು ಸಲ ಬೇಡ ಅನ್ನಿ."