ಅಜ್ಜಿಯ ಹಾಡಿಗೆ ಕಂಪ್ಯೂಟರಿನ ಮಳೆ

“ಲೇ, ಮಳಿ ಎಲ್ಲಿ ಹೋತು?” ಎಂದು ಅಜ್ಜಿ ಕೇಳಿದಾಗ ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು.

ತೊಂಬತ್ತರ ದಶಕದ ಕೊನೆ. ಚಿತ್ತವಾಡ್ಗಿಯ ನಮ್ಮ ಮನೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಆಟಗಳು ಜೋರಾಗಿ ಓಡಲಿ ಎಂದು ಅಣ್ಣ ಅದರ ಹೊಟ್ಟೆ ಬಿಚ್ಚಿ, ಪ್ರೊಸೆಸರಿನ ವೇಗವನ್ನು ಮಿತಿ ಮೀರಿ ಏರಿಸಿದ್ದ. ಬುಕ್ಕಸಾಗರದಿಂದ ಬಂದ ಅಜ್ಜಿ ಅದರ ಮೈಕಿನಲ್ಲಿ ಭತ್ತದ ನಾಟಿ ಹಾಡು ಹಾಡಿದಳು. ತಿರುಗಿ ಕೇಳಿಸಿದರೆ ಹಾಡಿನ ತುಂಬ ಚಟಚಟ, ಚರಚರ! ಅಜ್ಜಿ ಮಾತ್ರ ಕಣ್ಣು ಮುಚ್ಚಿ ಕೇಳಿದಳು. ನಮಗೆ ಮಾನ ಹೋದಂತಾಯಿತು. ಸ್ಪೀಕರ್ ಬದಲಿಸಿದೆವು, ವೈರ್ ಬದಲಿಸಿದೆವು, ಸೌಂಡ್ ಕಾರ್ಡ್ ಕಿತ್ತು ಒರೆಸಿ ಕೂರಿಸಿದೆವು. ಕೊನೆಗೆ ಅಣ್ಣ ಒಲ್ಲದ ಮನಸ್ಸಿನಿಂದ ವೇಗ ಇಳಿಸಿದ. ಮತ್ತೆ ಹಾಡಿಸಿ ಕೇಳಿಸಿದರೆ ಅಜ್ಜಿಯ ದನಿಯೊಂದೇ, ಸ್ವಚ್ಛವಾಗಿ.

ಅವಳು ಹಾಗೆ ಕೇಳಿದ್ದು ಆಗಲೇ. “ಗದ್ದ್ಯಾಗ ಗೊಬ್ಬರದ ಚೀಲ ತಲಿಗೆ ಹಾಕ್ಕೊಂಡು ಹಾಡ್ತಿದ್ವಿ. ಚೀಲದ ಮ್ಯಾಲ ಮಳಿ ಹಂಗ ಬಡೀತಿತ್ತು. ನಿಮ್ಮ ಮಿಷನ್ನಿಗೆ ಅದು ಹೆಂಗ ಗೊತ್ತಾತು ಅಂತ ಭಾಳ ಖುಷಿ ಆಗಿತ್ತು ನನಗ!”

ಅಣ್ಣ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡು ವೇಗ ಏರಿಸಿ, ಹಾಡು ಹಾಕಿದ. ಚರಚರ ಶುರುವಾದದ್ದೇ ತಡ, ಅಜ್ಜಿ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

ಈಗಲೂ ಎಲ್ಲಾದರೂ ಸ್ಪೀಕರ್ ಚರಚರ ಅಂದರೆ ನನ್ನ ಕೈ ತಾನಾಗಿ ತಲೆಯತ್ತ ಹೋಗುತ್ತದೆ.